ಎಂಜಿಬಿ ಸ್ಪೀಡೋಮೀಟರ್ ಮುಳ್ಳು ಕುಣೀತಿದ್ಯಾ? ಮೀಟರಿಗೆ ಕೈ ಹಾಕೋ ಮುಂಚೆ ಕೇಬಲ್ ನೋಡಿ

ಇಂಗ್ಲೆಂಡಿನ ಆಬಿಂಗ್ಡನ್ ಫ್ಯಾಕ್ಟರಿಯಲ್ಲಿ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಎಂಜಿಬಿ ತಯಾರಾಗ್ತಿದ್ದಿದ್ದು 1962ರಿಂದ 1980ರವರೆಗೆ, ಅಂದ್ರೆ ಇವತ್ತು ರೋಡಲ್ಲಿರೋ ಒಂದೊಂದು ಗಾಡಿಗೂ ನಲವತ್ತು ದಾಟಿದೆ. ಅದರ ಸ್ಮಿತ್ಸ್ ಕಂಪನಿ ಸ್ಪೀಡೋಮೀಟರ್ ಮುಳ್ಳು ಪಟಪಟ ಅಂತ ಹೊಡ್ಕೊಳ್ಳೋಕೆ ಶುರುವಾದ ತಕ್ಷಣ ಜನ ಸ್ಕ್ರೂಡ್ರೈವರ್ ಹಿಡ್ಕೊಂಡು ಮೀಟರ್ ಮೇಲೇ ಬೀಳ್ತಾರೆ. ತಪ್ಪು ಮಾಡಿರೋದು ಗೇರ್‌ಬಾಕ್ಸಿಂದ ಮೀಟರಿಗೆ ಬರೋ ಕೇಬಲ್, ಶಿಕ್ಷೆ ಮಾತ್ರ ಮೀಟರಿಗೆ. ಹೋಗ್ಲಿ ಹಂಗೇ ಓಡಿಸೋಣ ಅಂದ್ರೂ ಆಗಲ್ಲ, ಅಲ್ಲಿ 1937ರ ಅಕ್ಟೋಬರ್ 1ರಿಂದ ಈಚೆಗೆ ರೋಡಿಗಿಳಿದ ಕಾರಿಗೆ ಸ್ಪೀಡೋಮೀಟರ್ ಇರ್ಲೇಬೇಕು ಅನ್ನೋ ಕಾನೂನಿದೆ.

ಮೊದಲು ರೋಗ ಗುರುತಿಸಿ. ಮುಳ್ಳೂ ಇಲ್ಲ, ಮೈಲಿ ನಂಬರೂ ಓಡ್ತಿಲ್ಲ ಅಂದ್ರೆ ಕೇಬಲ್ ತುಂಡಾಗಿರುತ್ತೆ, ಇಲ್ಲಾ ಗೇರ್‌ಬಾಕ್ಸ್ ಕಡೆ ಕಳಚ್ಕೊಂಡಿರುತ್ತೆ. ನಂಬರ್ ಓಡಿ ಮುಳ್ಳು ಮಾತ್ರ ಸತ್ತಿದ್ರೆ ತೊಂದರೆ ಮೀಟರ್ ಒಳಗಿದೆ. ನಿಧಾನ ಹೋಗುವಾಗ ಮುಳ್ಳು ಕುಣಿದು ಸ್ಪೀಡಲ್ಲಿ ಸರಿಹೋದ್ರೆ ಕೇಬಲ್ ಒಣಗಿದೆ ಅಥವಾ ಸೊಟ್ಟಗಾಗಿದೆ. ನೀವು 30ರಲ್ಲಿ ಹೋಗ್ತಿರುವಾಗ ಮುಳ್ಳು 100 ಮುಟ್ಟಿದ್ರೆ ಯಾರೋ ಪುಣ್ಯಾತ್ಮ ಕೇಬಲ್ಲಿಗೆ ಗ್ರೀಸ್ ಸುರಿದಿದ್ದಾನೆ.

ಯಾಕೆ ಅಂದ್ರೆ, ಕೇಬಲ್ ತಿರುಗಿಸೋದು ಮೀಟರ್ ಒಳಗಿನ ಒಂದು ಅಯಸ್ಕಾಂತವನ್ನ. ಅದರ ಮೇಲೆ, ಅದನ್ನ ಮುಟ್ಟದ ಹಾಗೆ, ಮುಳ್ಳಿಗೆ ಸೇರಿರೋ ಅಲ್ಯೂಮಿನಿಯಂ ಬಟ್ಟಲೊಂದು ಕೂತಿರುತ್ತೆ. ಅಯಸ್ಕಾಂತ ತಿರುಗಿದಷ್ಟೂ ಬಟ್ಟಲು ಅದರ ಹಿಂದೆ ಎಳೆದ್ಕೊಂಡು ಹೋಗ್ಬೇಕು ಅನ್ನುತ್ತೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ತಡೆಯುತ್ತೆ, ಈ ಜಗಳದಲ್ಲಿ ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ಸ್ಪೀಡು. ಮಧ್ಯೆ ಗ್ರೀಸ್ ಬಂತೋ, ಬಟ್ಟಲು ಅಂಟ್ಕೊಂಡು ಸುತ್ತೋಕೆ ಹೊರಡುತ್ತೆ. ಕೇಬಲ್ ಒಳತಂತಿ ಸ್ಕ್ರೂ ಥರ ಸುತ್ತಿರೋದ್ರಿಂದ ಗ್ರೀಸನ್ನ ತಾನೇ ಮೇಲಕ್ಕೆ ಏರಿಸುತ್ತೆ.

ಬ್ಯಾಟರಿ ಕನೆಕ್ಷನ್ ತೆಗೀರಿ. ಕೇಬಲ್ ನಟ್ ಬಿಚ್ಚಿ ಒಳತಂತಿ ಎಳೀರಿ. ಸೀಮೆಎಣ್ಣೆಯಲ್ಲಿ ತೊಳೆದು ಗಾಜಿನ ಮೇಲೆ ಅಥವಾ ಸಮನಾದ ಮೇಜಿನ ಮೇಲೆ ಉರುಳಿಸಿ, ಎಲ್ಲಾದ್ರೂ ಎಗರಿದ್ರೆ ಬಿಸಾಕಿ, ನೆಟ್ಟಗೆ ಮಾಡ್ತೀನಿ ಅಂತ ಕೂರಬೇಡಿ, ಅದು ಆಗಲ್ಲ. ಚೆನ್ನಾಗಿದ್ರೆ ತೆಳ್ಳಗೆ ಗ್ರೀಸ್ ಸವರಿ ಪೂರ್ತಿ ತೂರಿಸಿ, ಆಮೇಲೆ ಮೀಟರ್ ಕಡೆಯಿಂದ 8 ಇಂಚು ವಾಪಸ್ ಎಳೆದು ಅಷ್ಟು ಭಾಗದ ಗ್ರೀಸ್ ಬಟ್ಟೆಯಲ್ಲಿ ಒರೆಸಿ ಮತ್ತೆ ತಳ್ಳಿ. ಈ ಒಂದು ಒರೆಸೋ ಕೆಲಸ ಯಾರೂ ಮಾಡಲ್ಲ. ಸ್ಪ್ರೇ ಡಬ್ಬಿ ಎಣ್ಣೆ ಅಂತೂ ಹತ್ತಿರಕ್ಕೂ ತರ್ಬೇಡಿ, ನೀರಿನ ಹಾಗೆ ಸೀದಾ ಮೀಟರಿಗೆ ಹೋಗುತ್ತೆ. ಮೀಟರ್ ಕಡೆ ಒಳತಂತಿ ತುದಿ 10 ಮಿಲಿಮೀಟರ್ ಹೊರಗಿರ್ಬೇಕು, ಕೇಬಲ್ ಎಲ್ಲೂ 6 ಇಂಚಿನ ರೇಡಿಯಸ್‌ಗಿಂತ ಬಿಗಿಯಾಗಿ ಬಾಗಬಾರದು, ನಟ್ ಬರೀ ಬೆರಳಲ್ಲಿ ಬಿಗಿ ಮಾಡಿ, ಪ್ಲೈಯರ್ ಬೇಡ.

ಇಷ್ಟಕ್ಕೇ ಸರಿಹೋದ್ರೆ ಇಲ್ಲೇ ನಿಲ್ಲಿಸಿ, ಕುತೂಹಲಕ್ಕೆ ಅಂತ ಮೀಟರ್ ಬಿಚ್ಬೇಡಿ.

ಬಿಚ್ಚಲೇಬೇಕು ಅಂದ್ರೆ ಡ್ಯಾಶ್ ಹಿಂದಿನ ನಟ್‌ಗಳು, ಬಲ್ಬು, ಟ್ರಿಪ್ ಕೇಬಲ್ (ಟ್ರಿಪ್ ಮೈಲಿ ನಂಬರನ್ನ ಸೊನ್ನೆಗೆ ತರೋದು) ತೆಗೆದು ಮೀಟರ್ ಹೊರಗೆ ತನ್ನಿ. ಈಗ ಗಾಜಿನ ಸುತ್ತ ಇರೋ ಕ್ರೋಮ್ ರಿಂಗ್. ಅದನ್ನ ಮೀಟಿ ಎಬ್ಬಿಸಿದವರ ಗಾಜು ಒಡೆದಿದ್ದು, ರಿಂಗ್ ಡೊಂಕಾಗಿದ್ದು ಎಷ್ಟೋ ಸಲ ನೋಡಿದ್ದೀನಿ. ಅದು ಡಬ್ಬಿ ಮುಚ್ಚಳ ಅಲ್ಲ, ತಿರುಗಿಸಿ ತೆಗೆಯೋದು. ರಿಂಗಿನ ಹಲ್ಲುಗಳು ಕೇಸಿನ ಕಚ್ಚುಗಳ ಎದುರಿಗೆ ಬಂದಾಗ ತಾನಾಗೇ ಕಳಚುತ್ತೆ. ಬರ್ಲಿಲ್ವಾ, ರಬ್ಬರ್ ಕಚ್ಕೊಂಡಿದೆ, ಅಂಚಿಗೆ ಒಂಚೂರು ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ, ಬೆಳಿಗ್ಗೆ ರಬ್ಬರ್ ಗ್ಲೌಸ್ ಹಾಕ್ಕೊಂಡು ತಿರುಗಿಸಿ.

ಆಮೇಲೆ ನನ್ನ ಮಾತು ಕೇಳಿ, ಮುಳ್ಳು ಕೀಳಬೇಡಿ. ಕಿತ್ತ ಮುಳ್ಳನ್ನ ಮೊದಲಿದ್ದ ಜಾಗಕ್ಕೇ ಕೂರಿಸೋದು ದೊಡ್ಡ ತಲೆನೋವು, ಎರಡು ಡಿಗ್ರಿ ಆಚೀಚೆ ಆದ್ರೂ ಸ್ಪೀಡ್ ಸುಳ್ಳು. ಕೇಸಿನ ಹಿಂದಿರೋ ಸ್ಕ್ರೂ ತೆಗೆದ್ರೆ ಡಯಲ್, ಮುಳ್ಳು ಸಮೇತ ಇಡೀ ಯಂತ್ರ ಹೊರಗೆ ಬರುತ್ತೆ, ಪಕ್ಕದಿಂದಲೇ ಬಟ್ಟಲು ಕಾಣುತ್ತೆ. ತೆಳು ಕಾಗದದ ಪಟ್ಟಿಯನ್ನ ಲೈಟರ್ ಪೆಟ್ರೋಲಲ್ಲಿ ಅದ್ದಿ ಬಟ್ಟಲಿಗೂ ಅಯಸ್ಕಾಂತಕ್ಕೂ ಮಧ್ಯೆ ಮೆತ್ತಗೆ ಎಳೀರಿ, ಕಪ್ಪು ಬರೋದು ನಿಲ್ಲೋವರೆಗೂ ಹೊಸ ಪಟ್ಟಿ. ಸ್ಪ್ರಿಂಗಿಗೆ ಉಗುರು ತಾಗಿದ್ರೂ ಕಥೆ ಮುಗೀತು. ಮೈಲಿ ನಂಬರಿಗೆ ಪೆಟ್ರೋಲ್ ಮುಟ್ಟಿಸಿದ್ರೆ ಅಂಕಿನೇ ಅಳಿಸಿಹೋಗಬಹುದು, ಅಲ್ಲಿಗೆ ಒಣ ಬ್ರಷ್ ಸಾಕು. ಡಯಲ್ ಮೇಲೆ ಬೆರಳಿಡ್ಬೇಡಿ, ಆ ಮಂಕು ಕಪ್ಪಿನ ಮೇಲೆ ಗುರುತು ಹಾಗೇ ಉಳಿಯುತ್ತೆ. ಎಲ್ಲಾ ಒಣಗಿದ್ಮೇಲೆ ಅಯಸ್ಕಾಂತದ ಕಡ್ಡಿಗೆ ಗಡಿಯಾರದ ಎಣ್ಣೆ ಒಂದೇ ಒಂದು ಹನಿ, ಸೂಜಿ ತುದಿಯಲ್ಲಿ.

ಕಾರಿಗೆ ಹಾಕೋ ಮುಂಚೆ ಟೆಸ್ಟ್ ಮಾಡಿ. ಡಯಲ್ ಮೇಲೆ ಸಣ್ಣಕ್ಷರದಲ್ಲಿ 1000, 1280 ಥರ ಒಂದು ನಂಬರ್ ಇರುತ್ತೆ, ಒಂದು ಮೈಲಿಗೆ ಕೇಬಲ್ ಅಷ್ಟು ಸುತ್ತು ತಿರುಗಬೇಕು ಅಂತ. 60 ಮೈಲಿ ಸ್ಪೀಡಲ್ಲಿ ನಿಮಿಷಕ್ಕೆ ಒಂದು ಮೈಲಿ, ಹಾಗಾಗಿ 1280 ಅಂತಿದ್ರೆ ಡ್ರಿಲ್ಲನ್ನ ನಿಮಿಷಕ್ಕೆ 1280 ಸುತ್ತಲ್ಲಿ ಓಡಿಸಿ ಹಳೇ ಒಳತಂತಿಯ ತುಂಡಿಂದ ಮೀಟರ್ ತಿರುಗಿಸಿದ್ರೆ ಮುಳ್ಳು 60ಕ್ಕೆ ಬರ್ಬೇಕು. ಸೊನ್ನೆ ಕಡೆಗೇ ಒತ್ತಿದ್ರೆ ಗಾಬರಿಯಾಗ್ಬೇಡಿ, ಡ್ರಿಲ್ ಉಲ್ಟಾ ತಿರುಗ್ತಿದೆ ಅಷ್ಟೆ. 60ರ ಬದಲು 50 ತೋರಿಸ್ತು ಅಂದ್ರೆ ಅಯಸ್ಕಾಂತ ಸೊರಗಿರಬಹುದು, ಅದು ಮನೇಲಿ ಮಾಡೋ ಕೆಲಸ ಅಲ್ಲ, ಮೀಟರ್ ರಿಪೇರಿಯವರಿಗೆ ಕೊಡಿ. ಡ್ರಿಲ್ಲಲ್ಲಿ ಸರಿ ತೋರಿಸಿ ರೋಡಲ್ಲಿ ತಪ್ಪು ಬಂದ್ರೆ ಹಿಂದಿನ ಓನರ್ ಗೇರ್‌ಬಾಕ್ಸೋ ಟೈರ್ ಸೈಜೋ ಬದಲಾಯಿಸಿದಾರಾ ಅಂತ ವಿಚಾರಿಸಿ.