ಲಂಡನ್‌ಗೆ ಬಂದಿದ್ದೀರಾ? ಸಂಗೀತ ಕೇಳೋದು ಬಿಡಬೇಡಿ

ಹೊಸದಾಗಿ ಬಂದವರು ಮೊದಲ ವರ್ಷವನ್ನು ಮನೆ ಹುಡುಕೋದು, ಕೆಲಸ, ಮಕ್ಕಳ ಶಾಲೆ ಅಂತಲೇ ಕಳೆದುಬಿಡುತ್ತಾರೆ. ಸಂಗೀತ ಕಚೇರಿಗೆ ಹೋಗೋಣ ಬನ್ನಿ ಅಂದರೆ, ಇಲ್ಲಿ ಅದೆಲ್ಲ ದುಬಾರಿ, ನಮ್ಮಂಥವರಿಗಲ್ಲ ಅಂತಾರೆ. ಖಂಡಿತ ಹಾಗಿಲ್ಲ.

ಬೇಸಿಗೆಯಲ್ಲಿ ಬಂದಿದ್ದರೆ ಮೊದಲು ರಾಯಲ್ ಆಲ್ಬರ್ಟ್ ಹಾಲ್‌ಗೆ ಹೋಗಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಬಿಸಿ ಪ್ರಾಮ್ಸ್ ಅನ್ನುವ ಸಂಗೀತೋತ್ಸವ ನಡೆಯುತ್ತದೆ. 1895ರಲ್ಲಿ ಶುರುವಾದಾಗಿನಿಂದ ಅದರ ಉದ್ದೇಶ ಒಂದೇ: ಕಡಿಮೆ ದುಡ್ಡಿಗೆ ಎಲ್ಲರಿಗೂ ಒಳ್ಳೆಯ ಸಂಗೀತ. ನಿಂತು ಕೇಳುವ ಟಿಕೆಟ್ ಈಚಿನ ವರ್ಷಗಳಲ್ಲಿ ಸುಮಾರು 8 ಪೌಂಡ್. ಕಚೇರಿಯ ದಿನವೇ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಹೀಗೆ ನಿಂತು ಕೇಳುವ ಅರೀನಾ ಅಂದರೆ ವೇದಿಕೆಯ ಎದುರಿನ ಜಾಗ. ಮುಂದೆ ನಿಂತರೆ ಪಿಟೀಲಿನವರ ಕಮಾನುಗಳೆಲ್ಲ ಒಟ್ಟಿಗೆ ಏರಿ ಇಳಿಯುವುದು ಕಾಣುತ್ತದೆ, ದೊಡ್ಡ ತಂತಿವಾದ್ಯ ಡಬಲ್ ಬೇಸ್‌ನ ನಾದ ಅಂಗಾಲಿಗೆ ತಾಗುತ್ತದೆ. ಜಾಸ್ತಿ ದುಡ್ಡು ಕೊಟ್ಟು ದೂರದ ಕುರ್ಚಿಯಲ್ಲಿ ಕೂರುವುದಕ್ಕಿಂತ ಇದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿಲ್ಲೋಕೆ ಆಗದವರು ಮೇಲಿನ ಗ್ಯಾಲರಿ ಟಿಕೆಟ್ ತಗೊಳ್ಳಿ, ಅಲ್ಲಿ ನೆಲದ ಮೇಲೆ ಕೂತು ಕೇಳುವವರೂ ಇರುತ್ತಾರೆ.

ಚಪ್ಪಾಳೆ ವಿಷಯ ಮಾತ್ರ ಗೊತ್ತಿರಲಿ. ನಮ್ಮ ಕಡೆ ಒಳ್ಳೆಯ ಸಂಗತಿ ಬಂದ ಕೂಡಲೇ ಭೇಷ್ ಅಂತೀವಿ, ತೊಡೆ ಮೇಲೆ ತಾಳ ಹಾಕ್ತೀವಿ. ಇಲ್ಲಿ ಸಿಂಫನಿಗೆ, ಅಂದರೆ ವಾದ್ಯವೃಂದದ ದೊಡ್ಡ ಕೃತಿಗೆ, ಸಾಮಾನ್ಯವಾಗಿ ನಾಲ್ಕು ಭಾಗ, ನಡುವೆ ವಾದ್ಯ ನಿಂತಾಗ ಸುಮ್ಮನಿರುವುದು ರೂಢಿ. ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಿದ ಮೇಲೆ ಮನಸಾರೆ ತಟ್ಟಿ.

ಈ ಹಾಲ್ ನಮಗೆ ಹೊರಗಿನದ್ದೂ ಅಲ್ಲ. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಸಲ ಕೇಳಿಬಂದದ್ದು ಇಲ್ಲೇ, 1950ರ ಮೇ 22ರಂದು. ಅಷ್ಟರಲ್ಲಿ ಸ್ಟ್ರಾಸ್ ತೀರಿಕೊಂಡಿದ್ದರು. ಆ ಕಚೇರಿಗೆ ಹಣದ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್! ಅಂದು ನುಡಿಸಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಅವರು ಆಸರೆಯಾಗಿದ್ದರು. ಪಿಯಾನೋ ಕಲಿತಿದ್ದ ಅವರೇ ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಎರಡೂ ಸಂಗೀತ ಒಂದೇ ಮನಸ್ಸಿನಲ್ಲಿ ಇರಬಹುದು, ಅಲ್ವಾ?

ಚಳಿಗಾಲಕ್ಕೆ ವಿಗ್ಮೋರ್ ಹಾಲ್ ಒಳ್ಳೆಯದು. ಚಿಕ್ಕ ಜಾಗ, ನಾಲ್ಕೈದು ಜನರ ವಾದ್ಯಗೋಷ್ಠಿ, ಹಿಂದಿನ ಸಾಲಿನಲ್ಲೂ ಪ್ರತಿ ಸ್ವರ ಕೇಳುತ್ತದೆ. 35 ವರ್ಷದೊಳಗಿನವರಿಗೆ ರಿಯಾಯಿತಿ ಟಿಕೆಟ್‌ಗಳಿವೆ.

ಜನಪದ ಇಷ್ಟವೇ? ಕ್ಯಾಮ್ಡನ್ ಕಡೆ ಸೆಸಿಲ್ ಶಾರ್ಪ್ ಹೌಸ್ ಇದೆ, 1930ರಿಂದ ಇಂಗ್ಲಿಷ್ ಜನಪದ ಹಾಡು, ಕುಣಿತಗಳ ಮನೆ. ಅಲ್ಲಿ ಪಲ್ಲವಿ ಬಂದಾಗ ಸಭೆಯೇ ಹಾಡುತ್ತದೆ, ನಮ್ಮ ಭಜನೆಯ ಹಾಗೆ. ಮಾತು ಗೊತ್ತಿಲ್ಲದಿದ್ದರೂ ಎರಡನೇ ಸಲಕ್ಕೆ ಬಾಯಿಗೆ ಬರುತ್ತದೆ, ಸಂಕೋಚ ಬೇಡ.

ಹಳೆಯ ರಾಕ್ ಪ್ರಿಯರು ದೊಡ್ಡ ಸ್ಟೇಡಿಯಂ ಟಿಕೆಟ್‌ಗೆ ಸಂಬಳ ಸುರಿಯುವ ಮೊದಲು ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್‌ನಂಥ ಸಣ್ಣ ಜಾಗಗಳನ್ನು ನೋಡಿ. ಇಯರ್‌ಪ್ಲಗ್ ಜೇಬಿನಲ್ಲಿರಲಿ, ಕಿವಿ ಒಂದೇ ಜೊತೆ. ಹತ್ತಿರದ ಬ್ರೂಕ್ ಸ್ಟ್ರೀಟ್‌ನಲ್ಲಿ 25ನೇ ನಂಬರ್ ಹಳೆಯ ಕಾಲದ ಸಂಗೀತ ರಚನಕಾರ ಹ್ಯಾಂಡೆಲ್ ಮನೆ, ಗೋಡೆಯಾಚೆ 23ರಲ್ಲಿ ಎರಡು ಶತಮಾನ ಕಳೆದು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದ್ದ. ಎರಡೂ ಸೇರಿ ಈಗ ಒಂದೇ ಮ್ಯೂಸಿಯಂ.

ಮನೆಯಲ್ಲಿ ಅಭ್ಯಾಸ ಮಾಡುವವರು ರಾತ್ರಿ ಹನ್ನೊಂದರ ಮೇಲೆ ಬೇಡ, ಫ್ಲಾಟಿನ ಗೋಡೆ ತೆಳು. ಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಡಿ. ಕಲಿಯಬೇಕೆಂದರೆ ವೆಸ್ಟ್ ಕೆನ್ಸಿಂಗ್ಟನ್‌ನ ಭಾರತೀಯ ವಿದ್ಯಾ ಭವನದಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡಕ್ಕೂ ತರಗತಿಗಳಿವೆ. ಮಕ್ಕಳನ್ನು ಬಿಟ್ಟು ಹೊರಗೆ ಕಾರಿನಲ್ಲಿ ಫೋನ್ ನೋಡುತ್ತಾ ಕೂರಬೇಡಿ, ದೊಡ್ಡವರಿಗೂ ಕಲಿಸುತ್ತಾರೆ, ನೀವೂ ಸೇರಿ.