ಎಫ್‌ಪಿಜಿಎ ಕಳಿಸಿದ ಡೇಟಾ ಬಫರ್‌ಗೆ ಬರದಿದ್ದಾಗ: ಅಡ್ರೆಸ್ ರಿಜಿಸ್ಟರ್ ಸರಿಮಾಡಿದ್ದು ಹೀಗೆ

ಹಾಸನದ ನಮ್ಮ ಲ್ಯಾಬ್‌ನಲ್ಲಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ (ಪಿಸಿಗೆ ಕಾರ್ಡ್ ಜೋಡಿಸುವ ಸಂಪರ್ಕ) ಮೂಲಕ ಪಿಸಿಗೆ ಡೇಟಾ ಕಳಿಸಬೇಕಿತ್ತು. ಲಿಂಕ್ ಸರಿಯಾಗಿ ಬರುತ್ತಿತ್ತು. ಪಿಸಿಯಿಂದ ಬೋರ್ಡಿನ ರಿಜಿಸ್ಟರ್ ಓದಲು, ಬರೆಯಲು ತೊಂದರೆಯಿರಲಿಲ್ಲ. ಬೋರ್ಡ್ ಬರೆದದ್ದು ಮಾತ್ರ ಬಫರ್‌ನಲ್ಲಿ (ಡೇಟಾಗೆ ಪಿಸಿ ಮೆಮೊರಿಯಲ್ಲಿ ಕಾದಿರಿಸಿದ ಜಾಗ) ಸಿಗುತ್ತಿರಲಿಲ್ಲ, ಎರರ್ ಕೂಡ ಇಲ್ಲ. ಮೆಮೊರಿ ರೈಟ್‌ಗೆ ಉತ್ತರದ ಪ್ಯಾಕೆಟ್ ಬರುವುದಿಲ್ಲ ಅಲ್ವಾ, ಅದಕ್ಕೇ ಪತ್ತೆ ಕಷ್ಟ.

ಲಿಂಕ್ ವೇಗ ಇಳಿಸಿದ್ದು, ಸ್ಲಾಟ್ ಬದಲಿಸಿದ್ದು, ಡಿಸೈನ್ ಮತ್ತೆ ಬಿಲ್ಡ್ ಮಾಡಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಕಮಾಂಡ್ ರಿಜಿಸ್ಟರಿನ ಬಿಟ್ 2, ಅಂದರೆ ಬೋರ್ಡ್ ತಾನೇ ಪಿಸಿ ಮೆಮೊರಿಗೆ ಬರೆಯಲು ಬಿಡುವ ಬಸ್ ಮಾಸ್ಟರ್, ಮೊದಲೇ ಆನ್ ಇತ್ತು.

ಕಾರಣ ವಿಂಡೋ ಅಳತೆಯಲ್ಲಿತ್ತು. ವಿಂಡೋ ಅಂದರೆ ಬೋರ್ಡಿನ ಒಳಗಿನ ವಿಳಾಸಗಳಲ್ಲಿ ಪಿಸಿ ಮೆಮೊರಿಗೆ ದಾರಿಯಾಗುವ ಭಾಗ; ನಮ್ಮದು 1 ಎಂಬಿ. ಬೋರ್ಡಿನ ವಿಳಾಸವನ್ನು ಪಿಸಿ ವಿಳಾಸಕ್ಕೆ ಬದಲಿಸುವ ಬ್ರಿಡ್ಜ್, ಪಿಸಿ ವಿಳಾಸದ ಕೆಳಗಿನ 20 ಬಿಟ್‌ಗಳನ್ನು ಬೋರ್ಡಿನ ಒಳಗಿನ ವಿಳಾಸದಿಂದ ತೆಗೆದುಕೊಳ್ಳುತ್ತದೆ, ಮೇಲಿನವನ್ನು ಮಾತ್ರ ಅಡ್ರೆಸ್ ರಿಜಿಸ್ಟರಿನಿಂದ. ಬಫರ್ 1 ಎಂಬಿ ಗಡಿಯಲ್ಲಿರದೆ 4 ಕೆಬಿ ಗಡಿಯಲ್ಲಿ ಮಾತ್ರ ಇದ್ದುದರಿಂದ ರಿಜಿಸ್ಟರಿನ ಕೆಳಗಿನ ಅಂಕಿಗಳು ಸುಮ್ನೆ ಕಳೆದುಹೋಗುತ್ತಿದ್ದವು.

ಡ್ರೈವರ್ ಕೊಟ್ಟ ಡಿಎಂಎ (ಸಿಪಿಯು ನೆರವಿಲ್ಲದೆ ಬೋರ್ಡ್ ನೇರವಾಗಿ ಮೆಮೊರಿಗೆ ಬರೆಯುವುದು) ವಿಳಾಸ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆ, ಒಂದಂಕಿಗೆ 4 ಬಿಟ್) 1 23456000 ಎಂದುಕೊಳ್ಳಿ. ಮೇಲಿನ 32 ಬಿಟ್ ರಿಜಿಸ್ಟರಿಗೆ 1. ಕೆಳಗಿನದಕ್ಕೆ 23400000. ಎರಡನ್ನೂ ಓದಿ ಖಚಿತ ಮಾಡಿಕೊಳ್ಳಿ. ಉಳಿದ 56000 ಅನ್ನು ಬೋರ್ಡಿನ ಒಳಗಿನ ವಿಂಡೋ ಬೇಸ್‌ಗೆ ಕೂಡಿಸಿ, ಆಮೇಲೆ ಡಿಎಂಎ ಶುರು ಮಾಡಿ. ಈ ಉದಾಹರಣೆಯಲ್ಲಿ ವಿಂಡೋ ಮುಗಿಯುವವರೆಗೆ 680 ಕೆಬಿ ಮಾತ್ರ ಸಿಗುತ್ತದೆ. ಬಫರ್ ಅದಕ್ಕಿಂತ ದೊಡ್ಡದಾದರೆ ರಿಜಿಸ್ಟರನ್ನು 23500000ಕ್ಕೆ ಬದಲಿಸಿ, ಆಫ್‌ಸೆಟ್ ಸೊನ್ನೆಯಿಂದ ಮುಂದುವರಿಸಿ.