ನರಿ ಬೇಟೆಗೆ ಮೊದಲ ರೈಫಲ್ ಮತ್ತು ಸ್ಕೋಪ್

ಆಸ್ಟ್ರೇಲಿಯಾದ ಕುರಿ ಸಾಕುವವರಿಗೆ ಕೆಂಪು ನರಿ ದೊಡ್ಡ ತಲೆನೋವು. ಮೊದಲು ಲೈಸೆನ್ಸ್ ಮಾಡಿಸಿ, ಜಮೀನಿನವರ ಒಪ್ಪಿಗೆ ಪಡೆಯಿರಿ.

ಮೊದಲ ರೈಫಲ್ ಅಂದ್ರೆ ನಾನು .223 (ಗುಂಡಿನ ಅಳತೆ) ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತುಂಬುವ ರೈಫಲ್ ಅಂತಲೇ ಹೇಳುತ್ತೇನೆ. ಒದೆತ ಕಡಿಮೆ, ಹಾಗಾಗಿ ಅಭ್ಯಾಸ ಮಾಡಲು ಬೇಸರವಾಗುವುದಿಲ್ಲ. 200 ಮೀಟರ್‌ವರೆಗೆ 55 ಗ್ರೇನ್ (ಸುಮಾರು 3.6 ಗ್ರಾಂ) ತೂಕದ ಗುಂಡು ಧಾರಾಳ ಸಾಕು. ಅಗ್ಗ ಅಂತ .22 ರಿಮ್‌ಫೈರ್ (ಕಡಿಮೆ ಶಕ್ತಿಯ ಚಿಕ್ಕ ಗುಂಡಿನ ರೈಫಲ್) ಹಿಡಿದು ದೂರದ ನರಿಗೆ ಹೊಡೆಯಬೇಡಿ. ಗಾಯಗೊಂಡು ಪೊದೆಯಲ್ಲಿ ನರಳುತ್ತದೆ, ಅದು ಅನ್ಯಾಯ ಅಲ್ವಾ?

ಸ್ಕೋಪ್‌ಗೆ, ಅಂದರೆ ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನಿಗೆ, ಮಾತ್ರ ಜಿಪುಣತನ ಬೇಡ. ನರಿ ಹೊರಡುವುದೇ ಮುಸ್ಸಂಜೆಗೆ. 40 ಮಿ.ಮೀ. ಲೆನ್ಸಿನ ಸ್ಕೋಪನ್ನು 6 ಪಟ್ಟು ದೊಡ್ಡದಾಗಿ ಕಾಣುವಂತೆ ಇಟ್ಟರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ಸುಮಾರು 6.7 ಮಿ.ಮೀ.; 12ಕ್ಕೆ ಏರಿಸಿದರೆ ಬರೀ 3.3, ಮುಸ್ಸಂಜೆಯಲ್ಲಿ ಮಬ್ಬಾಗಿ ಕಾಣುತ್ತದೆ. ಅದಕ್ಕೇ 3-9x40 (3ರಿಂದ 9 ಪಟ್ಟು, 40 ಮಿ.ಮೀ. ಲೆನ್ಸ್) ಸಾಕು, ಜಾಸ್ತಿ ಪವರ್ ಸುಮ್ನೆ ಖರ್ಚು.

ಅಂಗಡಿಯಲ್ಲಿ, ರೈಫಲ್ ಒಳಗೆ ಗುಂಡಿಲ್ಲ ಅಂತ ಖಚಿತ ಮಾಡಿಕೊಂಡು, ಕಣ್ಣು ಮುಚ್ಚಿ ಅದನ್ನು ಭುಜಕ್ಕಿಡಿ. ಕಣ್ಣು ತೆರೆದಾಗ ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಸ್ಕೋಪನ್ನು ಹಿಂದೆಮುಂದೆ ಸರಿಸಿ ಕೂರಿಸಲು ಹೇಳಿ.